ಶಾಲೆ ಶುರುವಾಗುವ ಮೊದಲು ಬೀರುವಿನ ಬೀಗ ತೆಗೆಯಬೇಕು

ಶಿವಮೊಗ್ಗ ಮತ್ತು ಭದ್ರಾವತಿಯ ಶಾಲೆಗಳು ಏಪ್ರಿಲ್ ಎರಡನೇ ವಾರದ ಸುಮಾರಿಗೆ ಬೇಸಿಗೆ ರಜೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಈ ಒಂದೂವರೆ ತಿಂಗಳಲ್ಲಿ ಶಾಲಾ ಗ್ರಂಥಾಲಯ ಒಣ ಸೆಖೆಯನ್ನೂ ಕಾಣುತ್ತದೆ, ಮುಂಗಾರಿಗೆ ಮುಂಚಿನ ಗುಡುಗು ಮಳೆಯನ್ನೂ ಕಾಣುತ್ತದೆ. ಶಾಲೆ ತೆರೆಯುವ ಹೊತ್ತಿಗೆ ರೋಹಿಣಿ ಮಳೆ ಕಾಲಿಟ್ಟಿರುತ್ತದೆ. ಅದರ ಬೆನ್ನಿಗೇ ಮೃಗಶಿರಾ, ಆರಿದ್ರಾ. ಪುಸ್ತಕಗಳ ಪಾಲಿಗೆ ವರ್ಷದ ಕಷ್ಟದ ತಿಂಗಳುಗಳು ಆರಂಭವಾಗುವಾಗಲೇ ಮಕ್ಕಳು ಮರಳಿ ಬರುತ್ತಾರೆ. ಹಾಗಾಗಿ ಈ ಎರಡು ಊರುಗಳಲ್ಲಿ ಗ್ರಂಥಾಲಯದ ಸಿದ್ಧತೆಯೆಂದರೆ ಧೂಳು ಹೊಡೆದು ಜೋಡಿಸಿಡುವುದಷ್ಟೇ ಅಲ್ಲ. ಪುಸ್ತಕವನ್ನು ಮಳೆಗಾಲ ದಾಟಿಸುವ ಏರ್ಪಾಡು ಆಗಬೇಕು, ಶಾಲೆ ತೆರೆದ ಮೊದಲ ವಾರದಲ್ಲೇ ಅದು ಮಗುವಿನ ಕೈ ಸೇರುವ ಏರ್ಪಾಡೂ ಆಗಬೇಕು. ಮೊದಲನೆಯದನ್ನು ಮಾಡುವುದೇ ಎರಡನೆಯದಕ್ಕಾಗಿ.

ಗ್ರಂಥಾಲಯ ಶಾಲೆಯ ಶೋಭೆಗೆ ಇರುವ ವಸ್ತುವಲ್ಲ, ಕಾನೂನು ಕೇಳುವ ಸೌಲಭ್ಯ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ಸಿಗಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ನಿಗದಿಯಾಯಿತು. ಆದರೆ ಬಹುತೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರು ಇಲ್ಲ. ಪಾಠ, ಬಿಸಿಯೂಟ, ದಾಖಲಾತಿ ಇವೆಲ್ಲದರ ಜೊತೆಗೆ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಗ್ರಂಥಾಲಯದ ಹೊಣೆಯನ್ನೂ ಹೊರುತ್ತಾರೆ. ಎಷ್ಟೋ ಕಡೆ ಗ್ರಂಥಾಲಯ ಎಂದರೆ ಮುಖ್ಯ ಶಿಕ್ಷಕರ ಕೊಠಡಿಯ ಒಂದು ಕಬ್ಬಿಣದ ಬೀರು. ಸಿದ್ಧತೆಯ ಕ್ರಮ ಹೇಳುವಾಗ ಇಂಥ ಶಾಲೆಯನ್ನೇ ಕಣ್ಣ ಮುಂದೆ ಇಟ್ಟುಕೊಳ್ಳುವುದು ನ್ಯಾಯ.

ಮೊದಲ ಶತ್ರು ಥಂಡಿ

ಬೀಗ ತೆಗೆದ ಕೂಡಲೇ ಮಾಡಬೇಕಾದ್ದು ಗುಡಿಸುವುದಲ್ಲ, ನೋಡುವುದು ಮತ್ತು ಮೂಸುವುದು. ಬೀರುವಿನ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬಂದರೆ ಒಳಗೆಲ್ಲೋ ಬೂಷ್ಟು ಹಿಡಿದಿದೆ ಎಂದೇ ಅರ್ಥ. ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65 ದಾಟಿ ಹಾಗೇ ನಿಂತರೆ ಕಾಗದ, ಬಟ್ಟೆ, ಅಂಟು ಎಲ್ಲದರ ಮೇಲೂ ಬೂಷ್ಟು ಬೆಳೆಯಬಲ್ಲದು. ಮಳೆಗಾಲದಲ್ಲಿ ತುಂಗೆ ಮತ್ತು ಭದ್ರೆಯ ದಡದ ಈ ಊರುಗಳಲ್ಲಿ ಆರ್ದ್ರತೆ ಆ ಮಟ್ಟದ ಮೇಲೆಯೇ ವಾರಗಟ್ಟಲೆ ಇರುತ್ತದೆ. ಕಬ್ಬಿಣದ ಬೀರು ಇಲಿಯನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಗಾಳಿಯಾಡದ ಬೀರುವಿನಲ್ಲಿ ಒಳಗೆ ಸೇರಿದ ತೇವ ಹೊರಹೋಗಲು ದಾರಿಯೇ ಇಲ್ಲದೆ ಅಲ್ಲೇ ಉಳಿಯುತ್ತದೆ.

ಬೂಷ್ಟು ಹಿಡಿದ ಪುಸ್ತಕಗಳನ್ನು ಮೊದಲು ಬೇರೆ ಮಾಡಬೇಕು. ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಹಾಳೆಯೊಳಗೆ ಇನ್ನಷ್ಟು ಇಳಿಯುತ್ತದೆ. ಗಾಳಿಯಾಡುವ ಪಡಸಾಲೆಯಲ್ಲಿ, ನೆರಳಿನಲ್ಲಿ, ಹಾಳೆಗಳು ಬಿಚ್ಚಿಕೊಳ್ಳುವಂತೆ ನಿಲ್ಲಿಸಿ ಚೆನ್ನಾಗಿ ಒಣಗಿಸಿ, ಆಮೇಲೆ ಕೊಠಡಿಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಉದುರಿಸಬೇಕು. ಆ ಕೆಲಸ ಮಾಡುವವರು ಮೂಗು, ಬಾಯಿ ಮುಚ್ಚುವ ಮಾಸ್ಕ್ ಧರಿಸುವುದು ಅಗತ್ಯ; ಮಕ್ಕಳಿಂದ ಈ ಕೆಲಸ ಮಾಡಿಸಲೇಬಾರದು. ಹೊತ್ತುಗಟ್ಟಲೆ ಬಿಸಿಲಿಗೆ ಹಾಕಿದರೆ ರಟ್ಟು ಬಾಗುತ್ತದೆ, ಮುಖಪುಟದ ಬಣ್ಣ ಮಾಸುತ್ತದೆ, ಕಾಗದ ಪೆಡಸಾಗುತ್ತದೆ.

ಥಂಡಿಯ ಹಿಂದೆಯೇ ಹುಳಗಳು ಬರುತ್ತವೆ. ಬೆಳ್ಳಿ ಬಣ್ಣದ, ಮುಟ್ಟಲು ಹೋದರೆ ಜಾರಿಕೊಳ್ಳುವ ಹುಳ ರಟ್ಟಿನ ಅಂಟನ್ನೂ ಕಾಗದದ ಮೇಲ್ಪದರವನ್ನೂ ಕೆರೆದು ತಿನ್ನುತ್ತದೆ. ಹಾಳೆಗಳನ್ನು ದಾಟಿ ಸಣ್ಣ ತೂತು ಕೊರೆಯುವುದು ಜೀರುಂಡೆ ಜಾತಿಯ ಕೀಟಗಳ ಮರಿಹುಳ. ಗೆದ್ದಲು ಹೆಚ್ಚಾಗಿ ಗೋಡೆಯ ಕಡೆಯಿಂದ, ಮಣ್ಣಿನ ಗೆರೆ ಎಳೆದುಕೊಂಡು ಬರುತ್ತದೆ. ಮುಂದಿನ ಸಾಲು ನೋಡಲು ಚೆನ್ನಾಗಿಯೇ ಇದ್ದು ಹಿಂದಿನ ಸಾಲು ಪೂರ್ತಿ ಮಣ್ಣಾಗಿರುವುದೂ ಉಂಟು. ಅದಕ್ಕೇ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ ಇಡಬೇಕು, ಅದರ ಹಿಂಭಾಗ ಕಣ್ಣಿಗೆ ಬೀಳುವಂತಿರಬೇಕು. ಒಣ ಬೇವಿನ ಸೊಪ್ಪು, ಬಜೆ ಬೇರು ಇಡುವ ಪದ್ಧತಿ ತಾಳೆಗರಿಯ ಕಾಲದಿಂದ ಬಂದದ್ದು. ಹುಳ ಬಾರದ ಹಾಗೆ ನೋಡಿಕೊಳ್ಳಲು ಅದು ನೆರವಾಗಬಹುದು, ಈಗಾಗಲೇ ಸೇರಿಕೊಂಡ ಹುಳವನ್ನು ಅದು ಓಡಿಸಲಾರದು. ನುಸಿಗುಳಿಗೆಯ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ಮಕ್ಕಳು ಕೂತು ಓದುವ ಜಾಗದಲ್ಲಿ ಅದನ್ನು ಬಳಸದಿರುವುದೇ ಲೇಸು.

ಬೀರುವಿನ ಕೆಳಗಿನ ಅರೆಯ ವಿಷಯ ಈ ಊರುಗಳಿಗೆ ವಿಶೇಷವಾಗಿ ಸಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯ ಹೊಸ ಸೇತುವೆ ಮುಳುಗುವುದು ಊರವರಿಗೆ ಗೊತ್ತಿರುವ ಸಂಗತಿ. ನದಿಯ ಹತ್ತಿರವಿರುವ ಅಥವಾ ತಗ್ಗಿನಲ್ಲಿರುವ ಶಾಲೆಗಳು ನೆಲದಿಂದ ಒಂದಡಿ ಎತ್ತರದವರೆಗೆ ಯಾವ ಪುಸ್ತಕವನ್ನೂ ಇಡದಿರುವುದು ಒಳಿತು. ಮಾಡಿನ ಹೆಂಚು ಒಡೆದಿದೆಯೇ, ತಾರಸಿಯ ನೀರಿನ ಕೊಳವೆ ಎಲೆಗಳಿಂದ ಕಟ್ಟಿಕೊಂಡಿದೆಯೇ ಎಂಬುದನ್ನು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು. ಸೋರಿಕೆ ಜುಲೈನಲ್ಲಿ ತಿಳಿದರೆ ಅಷ್ಟು ಹೊತ್ತಿಗೆ ಪುಸ್ತಕ ಕೈಬಿಟ್ಟಿರುತ್ತದೆ.

ಲೆಕ್ಕ ಮತ್ತು ದುರಸ್ತಿ

ಸ್ವಚ್ಛತೆ ಮುಗಿದ ಮೇಲೆ ಲೆಕ್ಕ. ದಾಸ್ತಾನು ವಹಿಯನ್ನು ಮುಂದಿಟ್ಟುಕೊಂಡು ಒಬ್ಬರು ಪುಸ್ತಕದ ಕ್ರಮಸಂಖ್ಯೆ ಓದಿದರೆ ಇನ್ನೊಬ್ಬರು ವಹಿಯಲ್ಲಿ ಗುರುತು ಹಾಕುತ್ತಾ ಹೋಗಬೇಕು. ಕೆಲವು ನೂರು ಪುಸ್ತಕಗಳಿರುವ ಶಾಲೆಯಲ್ಲಿ ಇದು ಒಂದು ದಿನದ ಕೆಲಸ. ಮತದಾನದಂಥ ಕಾರ್ಯಗಳಿಗೆ ಕೊಠಡಿ ಬಿಟ್ಟುಕೊಟ್ಟ ವರ್ಷ ಈ ಲೆಕ್ಕ ಇನ್ನೂ ಮುಖ್ಯವಾಗುತ್ತದೆ. 2024ರಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮತದಾನ ನಡೆದದ್ದು ಬೇಸಿಗೆ ರಜೆಯ ನಡುವೆ, ಮೇ 7ರಂದು. ಮತಗಟ್ಟೆಯಾದ ಶಾಲೆಗಳಲ್ಲಿ ಮೇಜು, ಬೆಂಚುಗಳ ಜೊತೆ ಬೀರುಗಳೂ ಜಾಗ ಬದಲಿಸುವುದು ಸಹಜ.

ಲೆಕ್ಕದಲ್ಲಿ ಕೆಲವು ಪುಸ್ತಕಗಳು ಸಿಗುವುದಿಲ್ಲ. ಶಾಲಾ ಗ್ರಂಥಾಲಯಗಳ ದೊಡ್ಡ ತೊಡಕು ಹುಟ್ಟುವುದು ಇಲ್ಲೇ. ಕಳೆದ ಪುಸ್ತಕಕ್ಕೆ ತನ್ನ ಕೈಯಿಂದ ದುಡ್ಡು ಕಟ್ಟಬೇಕಾದೀತು, ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದೀತು ಎಂಬ ಭಯಕ್ಕೆ ಹೊಣೆ ಹೊತ್ತ ಶಿಕ್ಷಕರು ಬೀರುವಿಗೆ ಬೀಗ ಹಾಕಿಬಿಡುತ್ತಾರೆ. ಲೆಕ್ಕ ಸರಿಯಾಗುತ್ತದೆ, ಓದು ನಿಲ್ಲುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಉದಾರವಾಗಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು, ಆ ನಷ್ಟಕ್ಕೆ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಾಗಿರಬಾರದು ಅಷ್ಟೇ ಎನ್ನುತ್ತವೆ ಆ ನಿಯಮಗಳು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ರಾಜ್ಯದ ಶಾಲೆಗಳಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಇದರ ಹಿಂದಿನ ತಿಳಿವಳಿಕೆ ಎಲ್ಲರಿಗೂ ಸಲ್ಲುವಂಥದ್ದು: ಓಡಾಡುವ ಪುಸ್ತಕ ಒಂದಿಷ್ಟು ಸವೆಯುತ್ತದೆ, ಒಂದೆರಡು ಕಳೆಯುತ್ತವೆ. ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ವರ್ಷದ ಆರಂಭದ ಸಭೆಯಲ್ಲೇ ಇದನ್ನು ಮಾತಾಡಿ ನಡವಳಿ ಪುಸ್ತಕದಲ್ಲಿ ದಾಖಲಿಸಿದರೆ ಹೊಣೆ ಹೊತ್ತವರ ಎದೆಯ ಭಾರ ಇಳಿಯುತ್ತದೆ.

ಉಳಿದ ಪುಸ್ತಕಗಳನ್ನು ಮೂರು ಗುಂಪು ಮಾಡಬೇಕು: ಹಾಗೇ ಕೊಡಬಹುದಾದವು, ದುರಸ್ತಿ ಬೇಕಾದವು, ತೆಗೆದುಹಾಕಬೇಕಾದವು. ದುರಸ್ತಿಯಲ್ಲಿ ಎಲ್ಲೆಡೆ ಆಗುವ ತಪ್ಪೆಂದರೆ ಸೆಲೊಟೇಪ್. ಕೆಲವೇ ವರ್ಷಗಳಲ್ಲಿ ಟೇಪು ಹಳದಿಯಾಗಿ ಉದುರಿಬೀಳುತ್ತದೆ, ಅದರ ಅಂಟು ಮಾತ್ರ ಕಾಗದದಲ್ಲಿ ಕಲೆಯಾಗಿ ಉಳಿಯುತ್ತದೆ. ಹರಿದ ಹಾಳೆಗೆ ತೆಳು ಟಿಶ್ಯೂ ಕಾಗದದ ಪಟ್ಟಿ ಮತ್ತು ತೆಳ್ಳಗೆ ಕಾಯಿಸಿದ ಮೈದಾ ಅಂಟು ಸಾಕು. ಬೈಂಡಿಂಗ್ ಮಾಡುವವರು ಆ ಅಂಟಿಗೆ ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷವಾದ್ದರಿಂದ ಶಾಲೆಯಲ್ಲಿ ಅದಿಲ್ಲದ ಅಂಟನ್ನು ಆಗಾಗ ಹೊಸದಾಗಿ ಮಾಡಿಕೊಳ್ಳುವುದು ಕ್ಷೇಮ. ಬೆನ್ನು ಬಿಟ್ಟ ಪುಸ್ತಕಕ್ಕೆ ಬಿಳಿ ಫೆವಿಕಾಲ್ ತೆಳ್ಳಗೆ ಹಚ್ಚಿ, ಬಟ್ಟೆಯ ಪಟ್ಟಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿ ಇಟ್ಟರೆ ಅದು ಇನ್ನೂ ಕೆಲವು ವರ್ಷ ಬಾಳುತ್ತದೆ. ಪಿನ್ ತುಕ್ಕು ಹಿಡಿದ ತೆಳು ಚಿತ್ರಪುಸ್ತಕಗಳಲ್ಲಿ ಪಿನ್ ತೆಗೆದು ಅದೇ ತೂತುಗಳಲ್ಲಿ ದಪ್ಪ ನೂಲಿನಿಂದ ಹೊಲಿಯಬಹುದು. ಥಂಡಿಯ ಊರಿನಲ್ಲಿ ಪಿನ್ನಿಗಿಂತ ನೂಲು ಎಷ್ಟೋ ಮೇಲು.

ಹಳದಿಗಟ್ಟಿ, ಮಡಿಸಿದರೆ ಮುರಿಯುವ ಹಾಳೆಗಳಿಗೆ ಮಾತ್ರ ಶಾಲೆಯಲ್ಲಿ ಮದ್ದಿಲ್ಲ. ಕಾಗದ ಮಾಡುವುದನ್ನು ಭದ್ರಾವತಿಗಿಂತ ಚೆನ್ನಾಗಿ ಬಲ್ಲ ಊರು ರಾಜ್ಯದಲ್ಲಿ ಕಡಿಮೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಬರೆಯುವ, ಮುದ್ರಿಸುವ ಕಾಗದ ತಯಾರಿಸುತ್ತಾ ಬಂದು, 1981ರಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಅನ್ನೂ ಮಾಡಿತು. ಅದರ ಸುತ್ತ ಬೆಳೆದ ಪೇಪರ್ ಟೌನ್ ಇಂದಿಗೂ ಅದೇ ಹೆಸರಿನಲ್ಲಿದೆ. ನ್ಯೂಸ್‌ಪ್ರಿಂಟ್ ಮತ್ತು ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಹೆಚ್ಚು ಉಳಿದಿರುತ್ತದೆ. ಗಾಳಿ, ಬೆಳಕು ಸೋಕಿದಂತೆ ಅದು ಹಳದಿಯಾಗುತ್ತದೆ. ಕಾಗದದೊಳಗಿನ ಆಮ್ಲ ನಾರುಗಳನ್ನು ತುಂಡರಿಸುತ್ತಾ ಹೋಗುತ್ತದೆ. ಈ ಹಾಳೆಗಳಿಗೆ ಅಂಟು ಹಚ್ಚಿದರೆ ಅಂಟಿನ ಅಂಚಿನಲ್ಲೇ ಮತ್ತೆ ಮುರಿಯುತ್ತವೆ. ಇಂಥ ಪುಸ್ತಕ ಈಗಲೂ ಅಚ್ಚಿನಲ್ಲಿದ್ದರೆ ಹೊಸ ಪ್ರತಿ ಕೊಳ್ಳಬೇಕು; ಇಲ್ಲದಿದ್ದರೆ ಬೇರೆ ಇಟ್ಟು ಶಿಕ್ಷಕರ ಸಮ್ಮುಖದಲ್ಲಿ ಓದಲು ಕೊಡಬೇಕು.

ಹತ್ತು ವರ್ಷ ಹಿಂದಿನ ಸಾಮಾನ್ಯ ಜ್ಞಾನದ ಕೈಪಿಡಿ, ಬದಲಾದ ಪಠ್ಯಕ್ರಮದ ಗೈಡುಗಳು, ಯಾವ ಮಗುವೂ ಮುಟ್ಟದ ಒಂದೇ ಪುಸ್ತಕದ ಹತ್ತಾರು ಪ್ರತಿಗಳು ಬೀರುವಿನ ಜಾಗ ತಿನ್ನುತ್ತವೆ. ನಿಯಮದಂತೆ ಅನುಮತಿ ಪಡೆದು ಇವನ್ನು ದಾಸ್ತಾನಿನಿಂದ ತೆಗೆದರೆ ಉಳಿದ ಪುಸ್ತಕಗಳು ಕಣ್ಣಿಗೆ ಬೀಳುತ್ತವೆ.

ಜೋಡಣೆ ಮಕ್ಕಳ ಎತ್ತರಕ್ಕೆ

ದೊಡ್ಡ ಗ್ರಂಥಾಲಯಗಳು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕ ಜೋಡಿಸುತ್ತವೆ. ಅದರಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಪ್ರೌಢಶಾಲೆಯ ಮಕ್ಕಳಿಗೆ ಈ ಸಂಖ್ಯೆಗಳ ಪರಿಚಯ ಮಾಡಿಸಿದರೆ ಮುಂದೆ ಕಾಲೇಜಿನಲ್ಲಿ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಅವರಿಗೆ ಅನುಕೂಲ. ಪ್ರಾಥಮಿಕ ಶಾಲೆಗೆ ಬಣ್ಣದ ಚೀಟಿಯೇ ಸಾಕು. ಚಿತ್ರ ಹೆಚ್ಚು, ಪುಟಕ್ಕೊಂದು ಸಾಲು ಇರುವ ಪುಸ್ತಕಕ್ಕೆ ಒಂದು ಬಣ್ಣ. ಸಣ್ಣ ಕಥೆಗಳಿಗೆ ಇನ್ನೊಂದು. ಅಧ್ಯಾಯಗಳಿರುವ ಪುಸ್ತಕಕ್ಕೆ ಮತ್ತೊಂದು. ಬಣ್ಣ ಓದುವ ಮಟ್ಟಕ್ಕೆ ಸೇರಿರಬೇಕು, ತರಗತಿಗೆ ಸೇರಿರಬಾರದು.

ಇದರ ಅಗತ್ಯವನ್ನು ಕೋವಿಡ್ ಕಾಲ ಕಲಿಸಿಕೊಟ್ಟಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪೂರ್ಣ ತೆರೆದದ್ದು 2021ರ ಅಕ್ಟೋಬರ್ 25ರಂದು. ಮುಚ್ಚುವಾಗ ಒಂದನೇ ತರಗತಿಯಲ್ಲಿದ್ದ ಮಗು ಮರಳಿ ಬಂದು ಕೂತದ್ದು ಮೂರನೇ ತರಗತಿಯಲ್ಲಿ. ಅಕ್ಷರ ಕೂಡಿಸಿ ಓದಲು ಕಷ್ಟಪಡುತ್ತಿದ್ದ ಆ ಮಗುವಿಗೆ ಮೂರನೇ ತರಗತಿಯ ಪುಸ್ತಕವೆಂದು ಕೊಟ್ಟದ್ದು ಹಿಡಿಸಲಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಕಲಿಕಾ ಚೇತರಿಕೆ ಕಾರ್ಯಕ್ರಮ ತಂದದ್ದು ಈ ಕಂದರ ತುಂಬಲೆಂದೇ. ಪ್ರತಿ ಬೇಸಿಗೆ ರಜೆಯ ನಂತರವೂ ಚಿಕ್ಕ ಪ್ರಮಾಣದಲ್ಲಿ ಇದೇ ಆಗುತ್ತದೆ. ತನಗೆ ಎಟುಕುವ ಪುಸ್ತಕವನ್ನು ಯಾರ ಮುಂದೆಯೂ ತಲೆತಗ್ಗಿಸದೆ ಆರಿಸಿಕೊಳ್ಳುವ ಅವಕಾಶ ಮಗುವಿಗೆ ಇರಬೇಕು.

ಬೆನ್ನು ಮಾತ್ರ ಕಾಣುವಂತೆ ಒತ್ತಿಟ್ಟ ತೆಳು ಪುಸ್ತಕಗಳನ್ನು ಚಿಕ್ಕ ಮಕ್ಕಳು ಹುಡುಕಲಾರರು. ಗೋಡೆಗೆ ಅಡ್ಡಲಾಗಿ ನೈಲಾನ್ ಹಗ್ಗ ಕಟ್ಟಿ, ಪುಸ್ತಕಗಳನ್ನು ಮಧ್ಯದ ಪುಟಕ್ಕೆ ತೆರೆದು ಮುಖಪುಟ ಕಾಣುವಂತೆ ನೇತುಹಾಕುವ ಓದುವ ಮೂಲೆಗಳು ಎಷ್ಟೋ ಶಾಲೆಗಳಲ್ಲಿವೆ. ಒಂದನೇ ತರಗತಿಯ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಹಗ್ಗವಿದ್ದರೆ ಸರಿ. ಮಳೆಗಾಲದಲ್ಲಿ ಆ ಹಗ್ಗ ಕಿಟಕಿಯ ಇರಚಲಿನಿಂದ ದೂರವಿರಬೇಕು.

ಯಾವ ಪುಸ್ತಕ ಕೊಳ್ಳಬೇಕು

ಅನುದಾನದ ಹಣ ಚಿಕ್ಕದಾದ್ದರಿಂದ ಆಯ್ಕೆ ಜಾಣತನದ್ದಾಗಬೇಕು. ಈ ಜಿಲ್ಲೆಯ ಶಾಲೆಗಳಿಗೆ ಒಂದು ಅನುಕೂಲವಿದೆ: ಕನ್ನಡದ ಒಳ್ಳೆಯ ಮಕ್ಕಳ ಪುಸ್ತಕಗಳಲ್ಲಿ ಎಷ್ಟೋ ಇದೇ ನೆಲದಿಂದ ಬಂದಿವೆ. ಕುಪ್ಪಳಿಯ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಗಟ್ಟಿಯಾಗಿ ಓದಿ ಹೇಳಲು ತಕ್ಕದ್ದು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ 12 ಸಂಪುಟಗಳಲ್ಲಿದೆ. ಒಂದೊಂದು ತರಗತಿಗೆ ಒಂದೊಂದು ಸಂಪುಟ ಹಂಚಿದರೂ ಶಾಲೆಯಿಡೀ ಓದಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಏಳನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಹಿಡಿಸುತ್ತದೆ. ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಶರಾವತಿ ಯೋಜನೆಯಲ್ಲಿ ಮನೆ, ಜಮೀನು ಕಳೆದುಕೊಂಡ ಎಷ್ಟೋ ಕುಟುಂಬಗಳು ಇದೇ ಜಿಲ್ಲೆಯ ಬೇರೆ ಬೇರೆ ಕಡೆ ನೆಲೆಸಿವೆ. ಆ ಮನೆಗಳ ಮೊಮ್ಮಕ್ಕಳಿಗೆ ಮುಳುಗಡೆಯ ಕಥೆ ಅಜ್ಜ, ಅಜ್ಜಿಯ ಮಾತಿನ ಮುಂದುವರಿಕೆ.

ಕಥೆಯಷ್ಟೇ ಸಾಲದು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದ ಶಿವರಾಮ ಕಾರಂತರು ಮಕ್ಕಳಿಗೆ ಲೋಕಜ್ಞಾನವನ್ನು ಕನ್ನಡದಲ್ಲೇ ಕೊಡಬಹುದೆಂದು 1930ರ ದಶಕದಲ್ಲೇ ತೋರಿಸಿದರು. ಇವತ್ತಿನ ಮಗುವಿಗೆ ಹಕ್ಕಿ, ಹುಳ, ನಕ್ಷತ್ರ, ಯಂತ್ರಗಳ ಬಗ್ಗೆ ಬಣ್ಣದ ಚಿತ್ರಗಳಿರುವ ಹೊಸ ಪುಸ್ತಕಗಳು ಬೇಕು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇಂಥ ಕನ್ನಡ ಪುಸ್ತಕಗಳನ್ನು ಕಡಿಮೆ ಬೆಲೆಗೆ ತಂದಿವೆ. ಉಕ್ಕು ಮತ್ತು ಕಾಗದದ ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದವರಿಂದ ಬೆಳೆದ ಭದ್ರಾವತಿಯಲ್ಲಿ ಕನ್ನಡದ ಜೊತೆ ಉರ್ದು, ತಮಿಳು, ತೆಲುಗು ಮನೆಮಾತಿನ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎರಡೂ ಊರುಗಳಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ. ಅಲ್ಲಿ ಉರ್ದು ಕಥೆಪುಸ್ತಕಗಳು ಪಠ್ಯದಷ್ಟೇ ಅಗತ್ಯ. ಜೊತೆಗೆ ಸುಲಭ ಕನ್ನಡದ ಚಿತ್ರಪುಸ್ತಕಗಳಿದ್ದರೆ ರಾಜ್ಯದ ಭಾಷೆ ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯದೆ ಆಟದ ಭಾಷೆಯೂ ಆಗುತ್ತದೆ.

ಮೊದಲ ವಾರ

ಶಾಲಾ ಪ್ರಾರಂಭೋತ್ಸವದ ದಿನ ತಳಿರು ತೋರಣ, ಸಿಹಿಯೂಟ ಇರುತ್ತದೆ. ಆ ದಿನವೇ ಗ್ರಂಥಾಲಯದ ಬಾಗಿಲೂ ತೆರೆದಿದ್ದರೆ ಇದು ತಮ್ಮದೇ ಜಾಗ ಎಂಬುದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ. ವರ್ಷದ ಆರಂಭದ ವಾರಗಳಲ್ಲಿ ಶಾಲೆಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸಿ ಗಟ್ಟಿ ಮಾಡುವ ಅವಧಿ ಅದು. ಹೊಸ ಪಾಠದ ಒತ್ತಡ ಇನ್ನೂ ಏರಿರದ ಈ ದಿನಗಳು ಓದುವ ಅಭ್ಯಾಸ ಕೂರಿಸಲು ತಕ್ಕ ಕಾಲ. ದಿನಕ್ಕೆ ಹತ್ತು ನಿಮಿಷ ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಿ, ಕಥೆ ಅರ್ಧಕ್ಕೆ ನಿಂತಾಗ ಆ ಪುಸ್ತಕ ಎಲ್ಲಿದೆಯೆಂದು ತೋರಿಸಿದರೆ ಉಳಿದರ್ಧ ಓದಲು ಮಕ್ಕಳು ತಾವೇ ಮುಂದೆ ಬರುತ್ತಾರೆ.

ಮೊದಲ ಬಾರಿ ಪುಸ್ತಕ ಹಿಡಿಯುವ ಮಗುವಿಗೆ ‘ಮುಟ್ಟಬೇಡ’ ಎನ್ನುವ ಬದಲು ಮುಟ್ಟುವ ಬಗೆಯನ್ನು ಕಲಿಸಬೇಕು. ಬಿಸಿಯೂಟದ ನಂತರ ಕೈ ತೊಳೆದು ಒರೆಸಿಕೊಳ್ಳುವುದು, ಬೆರಳಿಗೆ ಉಗುಳು ಹಚ್ಚದೆ ಬಲಗಡೆಯ ಮೇಲಿನ ತುದಿಯಿಂದ ಹಾಳೆ ಮಗುಚುವುದು, ಎಲ್ಲಿಗೆ ನಿಲ್ಲಿಸಿದೆನೆಂದು ಗುರುತಿಸಲು ಮೂಲೆ ಮಡಿಸದೆ ಕಾಗದದ ಪಟ್ಟಿ ಇಡುವುದು, ಒದ್ದೆ ಕೊಡೆ, ಜರ್ಕಿನ್‌ಗಳನ್ನು ಹೊರಗೇ ಬಿಡುವುದು. ಮನೆಗೆ ಒಯ್ಯುವ ಪುಸ್ತಕಕ್ಕೆ ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು, ಅದರೊಂದಿಗೇ ಮರಳಿಸಬೇಕೆಂದು ಹೇಳಿದರೆ ಸಾಕು.

ವಿತರಣಾ ವಹಿ ಸರಳವಾಗಿರಲಿ: ದಿನಾಂಕ, ಪುಸ್ತಕದ ಸಂಖ್ಯೆ, ಮಗುವಿನ ಹೆಸರು, ಮರಳಿದ ದಿನಾಂಕ. ಮೇಲಿನ ತರಗತಿಯ ಇಬ್ಬರು ಮಕ್ಕಳಿಗೆ ಸರದಿಯಂತೆ ಈ ಕೆಲಸ ವಹಿಸಿದರೆ ಶಿಕ್ಷಕರ ಹೊರೆ ಇಳಿಯುತ್ತದೆ. ಯಾವ ಪುಸ್ತಕ ಚೆನ್ನಾಗಿದೆ ಎಂಬ ಸುದ್ದಿ ಮಗುವಿನಿಂದ ಮಗುವಿಗೆ ಬೇಗ ಹಬ್ಬುತ್ತದೆ. ತಡವಾಗಿ ತಂದದ್ದಕ್ಕೆ ದಂಡ ಹಾಕಿದರೆ ಬಡ ಮನೆಯ ಮಗು ಎರಡನೇ ಸಲ ಪುಸ್ತಕ ಕೇಳುವುದೇ ಇಲ್ಲ, ನೆನಪಿಸುವುದು ಸಾಕು.

ಶಾಲೆಯ ಆಚೆಗೂ ದಾರಿಗಳಿವೆ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡಿಸಿತು. ಆ ಗ್ರಂಥಾಲಯಗಳೇ ಈಗ ಅರಿವು ಕೇಂದ್ರಗಳು. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಶಿವಮೊಗ್ಗ, ಭದ್ರಾವತಿಗೆ ಓದಲು ಬರುವ ಮಕ್ಕಳಿಗೆ ತಮ್ಮ ಊರಿನ ಅರಿವು ಕೇಂದ್ರದ ಸದಸ್ಯತ್ವ ಇದೆಯೇ ಎಂದು ವರ್ಷದ ಆರಂಭದಲ್ಲೇ ಕೇಳಿ, ಇಲ್ಲದವರನ್ನು ಅಲ್ಲಿಗೆ ಕಳಿಸಿದರೆ ಭಾನುವಾರವೂ ಅವರ ಓದು ನಡೆಯುತ್ತದೆ.

ಸಿದ್ಧತೆ ಫಲಿಸಿತೇ ಎಂದು ತಿಳಿಯಲು ಜೂನ್ ಕೊನೆಯಲ್ಲಿ ವಿತರಣಾ ವಹಿಯನ್ನು ನೋಡಬೇಕು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ, ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಪುಸ್ತಕ ಇರುವುದು ಬಳಕೆಗೆ ಎಂಬುದಕ್ಕೇ ಮೊದಲ ಸ್ಥಾನ. ಆ ಅಳತೆಯಲ್ಲಿ ನೋಡಿದರೆ, ಒಂದು ತಿಂಗಳಲ್ಲಿ ಪ್ರತಿ ಮಗುವೂ ಒಂದಾದರೂ ಪುಸ್ತಕ ಮನೆಗೆ ಒಯ್ದಿದೆಯೇ, ಯಾವ ತರಗತಿಯ ಹೆಸರು ವಹಿಯಲ್ಲಿ ಬಂದೇ ಇಲ್ಲ, ಯಾವ ಬಣ್ಣದ ಪುಸ್ತಕಗಳು ಕದಲಿಲ್ಲ ಎಂಬುದು ತಿಳಿಯುತ್ತದೆ. ಮುಂದಿನ ಖರೀದಿ, ಮುಂದಿನ ದುರಸ್ತಿ, ಗಟ್ಟಿಯಾಗಿ ಓದಿ ಹೇಳಬೇಕಾದ ಮುಂದಿನ ಪುಸ್ತಕ ಎಲ್ಲವೂ ಆ ಉತ್ತರಗಳ ಮೇಲೆ ನಿರ್ಧಾರವಾಗಬೇಕು. ವಾರಕ್ಕೊಮ್ಮೆ ಬಿಸಿಲು ಬಿದ್ದ ಹೊತ್ತು ನೋಡಿ ಬೀರುವಿನ ಬಾಗಿಲು ತೆರೆದಿಡುವುದು, ಹಿಂಭಾಗದಲ್ಲಿ ಗೆದ್ದಲು ಬಂದಿದೆಯೇ ಎಂದು ಇಣುಕುವುದು ದಸರಾ ರಜೆಯವರೆಗೂ ನಡೆಯಬೇಕು. ದಿನವೂ ಮಕ್ಕಳ ಕೈಯಲ್ಲಿ ಓಡಾಡುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದೂ ಕಡಿಮೆ.